ಸೇತುವೆಯ ಕೇಬಲ್ ನಡುಗುತ್ತಿದೆಯಾ? ಕಾರಣ ಹುಡುಕುವ ಕೈಪಿಡಿ

"ಕೇಬಲ್ ಅಲುಗಾಡುತ್ತಿದೆ" ಅಂತ ದೂರು ಬಂದ ಕೂಡಲೇ "ಒಂದು ಡ್ಯಾಂಪರ್ ಹಾಕಿಸಿಬಿಡೋಣ" ಎನ್ನುವ ಮಾತು ಹೊರಡುತ್ತದೆ. ಡ್ಯಾಂಪರ್ ಎಂದರೆ ನಡುಕವನ್ನು ಕರಗಿಸುವ ಸಾಧನ. ದಯವಿಟ್ಟು ಅಲ್ಲೇ ತಡೆಯಿರಿ. ಕೇಬಲ್ ನಡುಗಲು ಐದಾರು ಕಾರಣಗಳಿವೆ. ಕೆಳಗೆ ನಿಂತು ನೋಡುವವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಒಂದಕ್ಕೆ ಹಿಡಿಸುವ ಪರಿಹಾರ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಯಾವ ನಡುಕ ಎಂದು ಗೊತ್ತಾಗುವ ಮೊದಲೇ ದುಡ್ಡು ಸುರಿದರೆ, ಮುಂದಿನ ಮಳೆಗಾಲದಲ್ಲಿ ಅದೇ ದೂರು ಮತ್ತೆ ಬರುತ್ತದೆ.

ಇದನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಿರಿಯ ಎಂಜಿನಿಯರುಗಳಿಗೆ ಮತ್ತು ಡಿಪ್ಲೊಮಾ ಓದುವವರಿಗೆ ಅಂತ ಬರೆದಿದ್ದೇನೆ. ನಮ್ಮ ಸುತ್ತಮುತ್ತ ದೊಡ್ಡ ಕೇಬಲ್ ಸೇತುವೆಗಳು ಕಡಿಮೆ, ನಿಜ. ಆದರೆ ಪಣಜಿಯ ಮಾಂಡವಿ ಮೇಲೆ 2019ರಲ್ಲಿ ಒಂದು ಬಂತು. ಆಮೇಲೆ ಜುವಾರಿ ನದಿಗೆ ಹೊಸ ಸೇತುವೆ ಆಯಿತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯಿತು. ಎಲ್ಲವೂ ನಮಗೆ ಅರ್ಧ ದಿನದ ದಾರಿ. ಇಲ್ಲಿ ಓದಿದವರೇ ಇಂಥ ಸೇತುವೆಗಳ ನಿರ್ವಹಣೆಗೆ ಹೋಗುತ್ತಾರೆ. ಹಳ್ಳಿಗಳ ನಡುವಿನ ಕಾಲ್ನಡಿಗೆಯ ತೂಗುಸೇತುವೆಗಳೂ ಇದೇ ಲೆಕ್ಕಕ್ಕೆ ಬರುತ್ತವೆ.

ಮುಚ್ಚಬೇಕಾ, ಬೇಡವಾ?

ಅಳತೆಗಿಂತ ಮೊದಲು ಇದು ತೀರ್ಮಾನ ಆಗಬೇಕು. ಕೇಬಲಿನ ತಂತಿ ಒಂದಾದರೂ ತುಂಡಾಗಿ ಹೊರಗೆ ಚಾಚಿದೆಯಾ? ಆಂಕರ್ (ಕೇಬಲಿನ ತುದಿಯನ್ನು ಬಿಗಿದಿರುವ ಜಾಗ) ಬಳಿ ಹೊಸ ತುಕ್ಕಿನ ನೀರು ಇಳಿದಿದೆಯಾ? ಕ್ಲಿಪ್ಪಿನಿಂದ ಹಗ್ಗ ಜಾರಿದ ಗುರುತು ಇದೆಯಾ? ಒಂದು ಕೇಬಲ್ ಮಾತ್ರ ಪಕ್ಕದ್ದಕ್ಕಿಂತ ಜೋತಾಡಿದಂತೆ ಕಾಣುತ್ತಿದೆಯಾ? ಇವುಗಳಲ್ಲಿ ಒಂದಕ್ಕೆ "ಹೌದು" ಎಂದಾದರೂ ಜನ, ವಾಹನ ನಿಲ್ಲಿಸಿ. ನಡುಕದ ವಿಚಾರ ಆಮೇಲೆ.

ಗುಜರಾತಿನ ಮೋರ್ಬಿ ತೂಗುಸೇತುವೆ 2022ರ ಅಕ್ಟೋಬರ್ 30ರಂದು ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ತನಿಖೆ ನಡೆದಾಗ ಕಂಡದ್ದೇನು? ಒಂದು ಮುಖ್ಯ ಕೇಬಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು. ಅಲ್ಲಿ ನಡುಕವನ್ನು ಎಷ್ಟು ತಡೆದಿದ್ದರೂ ಆ ತಂತಿಗಳು ಗಟ್ಟಿಯಾಗುತ್ತಿರಲಿಲ್ಲ. ಅದಕ್ಕೇ ಮೊದಲು ಕೇಬಲಿನ ಜೀವ ನೋಡಿ, ಆಮೇಲೆ ಅದರ ಕುಣಿತ ನೋಡಿ ಅನ್ನುತ್ತೇನೆ.

ಕಣ್ಣಿಂದ ಮತ್ತು ಬಾಯಿಂದ ಸಿಗುವ ಮಾಹಿತಿ

ಉಪಕರಣ ತರುವ ಮೊದಲು ಸೇತುವೆ ಬಳಿ ದಿನವಿಡೀ ಇರುವವರನ್ನು ಮಾತಾಡಿಸಿ. ಕಾವಲುಗಾರ, ಚಹಾ ಅಂಗಡಿಯವರು, ದಿನಾ ದಾಟುವ ಹಾಲಿನವರು. "ಜಿಟಿಜಿಟಿ ಮಳಿ ಹಿಡದಾಗ ಅಷ್ಟ ಕುಣೀತೈತ್ರಿ ಸರ, ಮಳಿ ನಿಂತ್ರ ಸುಮ್ನಾಗತೈತಿ" ಅಂತ ಯಾರಾದರೂ ಹೇಳಿದರೆ, ಅರ್ಧ ಕೆಲಸ ಮುಗಿಯಿತು ಎಂದೇ ತಿಳಿಯಿರಿ. ಅದು ಯಾವ ಮೀಟರಿಗೂ ಕಡಿಮೆಯಿಲ್ಲದ ಸಾಕ್ಷಿ.

ಬರೆದುಕೊಳ್ಳಬೇಕಾದ್ದು ಇಷ್ಟು: ಎಷ್ಟು ಗಂಟೆಗೆ ನಡುಗಿತು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ಮಳೆ ಇತ್ತಾ, ಯಾವ ಯಾವ ಕೇಬಲ್, ಮೇಲೆ-ಕೆಳಗೆ ಹಾರಿತಾ ಅಥವಾ ಅಡ್ಡಕ್ಕೆ ತೂಗಿತಾ, ಆಗ ಸೇತುವೆ ಮೇಲೆ ಏನು ಓಡುತ್ತಿತ್ತು. ಇನ್ನೊಂದು ಮುಖ್ಯ: ಕೇಬಲ್ ಉದ್ದಕ್ಕೂ ಎಷ್ಟು ಹೊಟ್ಟೆ ಕಾಣುತ್ತಿವೆ? ಇಡೀ ಕೇಬಲ್ ಒಂದೇ ಹೊಟ್ಟೆಯಾಗಿ ಬಾಗುತ್ತಿದೆಯಾ, ಅಥವಾ ನಡುವೆ ಅಲುಗಾಡದ ಗಂಟುಗಳಿದ್ದು ಎರಡು ಮೂರು ಹೊಟ್ಟೆ ಆಗಿವೆಯಾ? ಬರಿಗಣ್ಣಿಗೆ ಗೊತ್ತಾಗದಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಹಿನ್ನೆಲೆಯಲ್ಲಿ ಗೋಪುರದ ಅಂಚು ಅಥವಾ ಯಾವುದಾದರೂ ಅಲುಗಾಡದ ಗೆರೆ ಇರಲಿ. ಆಮೇಲೆ ಅದರ ಪಕ್ಕ ಕೇಬಲ್ ಎಷ್ಟು ಸರಿಯಿತು ಎಂದು ಅಳೆಯಬಹುದು.

ಫೋನು ಕಟ್ಟಿ ಅಳೆಯುವುದು

ನಿಮ್ಮ ಜೇಬಿನ ಫೋನಿನಲ್ಲೇ ಕಂಪನ ಅಳೆಯುವ ಸೆನ್ಸರ್ ಇದೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ ಫಿಫಾಕ್ಸ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ ಎಂದು ಅದು ಗ್ರಾಫ್ ತೋರಿಸುತ್ತದೆ. ಈ ಸಂಖ್ಯೆಯನ್ನೇ ಹರ್ಟ್ಜ್ ಎನ್ನುತ್ತಾರೆ. ಫೋನನ್ನು ರಬ್ಬರ್ ಪಟ್ಟಿಯಿಂದ ಕೇಬಲಿಗೆ ಬಿಗಿಯಾಗಿ ಕಟ್ಟಿ. ಸಡಿಲವಾಗಿ ಕಟ್ಟಿದರೆ ನೀವು ಅಳೆಯುವುದು ಫೋನಿನ ನಡುಕವನ್ನು, ಕೇಬಲಿನದ್ದನ್ನಲ್ಲ. ಕನಿಷ್ಠ ಐದು ನಿಮಿಷ ರೆಕಾರ್ಡ್ ಮಾಡಿ. ನೂರು ಸೆಕೆಂಡಿನ ರೆಕಾರ್ಡಿಂಗ್ 0.01 ಹರ್ಟ್ಜ್‌ನಷ್ಟು ಸಣ್ಣ ವ್ಯತ್ಯಾಸ ಬಿಡಿಸಿ ತೋರಿಸಬಲ್ಲದು. ಹತ್ತು ಸೆಕೆಂಡಿನದ್ದಕ್ಕೆ ಅದು ಆಗುವುದಿಲ್ಲ.

ಹರ್ಟ್ಜ್ ಎಂಬ ಈ ಒಂದು ಸಂಖ್ಯೆಯಿಂದ ಕೇಬಲಿನ ಬಿಗಿ ಎಷ್ಟು ಅಂತ ತಿಳಿಯುತ್ತದೆ. ಧಾರವಾಡದ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಬೂರಿಯ ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸೇತುವೆಯ ಕೇಬಲಿಗೂ ನಿಯಮ ಅದೇ. ಒಂದೇ ಹೊಟ್ಟೆಯಾಗಿ ನಡುಗುವಾಗಿನ ಹರ್ಟ್ಜ್ ತೆಗೆದುಕೊಳ್ಳಿ.

ಬಿಗಿ = 4 × ಮೀಟರಿನ ತೂಕ × ಉದ್ದದ ವರ್ಗ × ಹರ್ಟ್ಜ್‌ನ ವರ್ಗ

100 ಮೀಟರ್ ಉದ್ದದ, ಮೀಟರಿಗೆ 50 ಕಿಲೊ ತೂಗುವ ಕೇಬಲ್ ಸೆಕೆಂಡಿಗೆ ಒಂದು ಸಲ ನಡುಗಿದರೆ ಬಿಗಿ 20 ಲಕ್ಷ ನ್ಯೂಟನ್, ಅಂದರೆ ಸುಮಾರು 200 ಟನ್ ಭಾರ. ಈಗ ಇದನ್ನು ಸೇತುವೆ ಕಟ್ಟಿದಾಗಿನ ದಾಖಲೆಯ ಪಕ್ಕ ಇಡಿ. ವರ್ಗ ಇರುವುದರಿಂದ ಹರ್ಟ್ಜ್ ಶೇ 5 ಇಳಿದರೆ ಬಿಗಿ ಹೆಚ್ಚುಕಡಿಮೆ ಶೇ 10 ಇಳಿದಂತೆ. ಅಷ್ಟು ಇಳಿದಿದ್ದರೆ ಆಂಕರ್ ಜಾರಿದೆಯೇ ಎಂದು ನೋಡಲೇಬೇಕು. ಅಂಥಲ್ಲಿ ನಡುಕ ಬರೀ ಲಕ್ಷಣ. ರೋಗ ಬೇರೆ ಇದೆ.

ಎರಡು ಎಚ್ಚರ ಬೇಕು. ಬೆಳಗಿನ ಜಾವ ಅಳೆಯಿರಿ. ಗದಗ ಕಡೆಯ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಉಕ್ಕು ಹಿಗ್ಗಿ, ಸೇತುವೆಯ ಹಾಸು ಬಾಗಿ, ಲೆಕ್ಕ ಆಚೀಚೆ ಆಗುತ್ತದೆ. ಎರಡನೆಯದು, ಗಿಡ್ಡ ಕೇಬಲಿಗೆ ಈ ಸೂತ್ರ ಇರುವುದಕ್ಕಿಂತ ಜಾಸ್ತಿ ಬಿಗಿ ತೋರಿಸುತ್ತದೆ. ಕೇಬಲಿನ ಸ್ವಂತ ಪೆಡಸುತನವೂ ಹರ್ಟ್ಜ್ ಏರಿಸುವುದೇ ಇದಕ್ಕೆ ಕಾರಣ. ಗಿಡ್ಡವಾದದ್ದಕ್ಕೆ ಹಳೆಯ ಅಳತೆಯ ಜೊತೆ ಹೋಲಿಸಿ, ಸೂತ್ರದ ಜೊತೆ ಬೇಡ.

ನಡುಕ ಎಷ್ಟು ಬೇಗ ಇಳಿಯುತ್ತದೆ?

ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಇದೇ ಅತಿ ಮುಖ್ಯ ಅಳತೆ. ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗಾಳಿ ಇಲ್ಲದ ಬೆಳಿಗ್ಗೆ ಕೇಬಲಿಗೆ ಒಂದು ಹಗ್ಗ ಕಟ್ಟಿ. ಅದರದ್ದೇ ಲಯಕ್ಕೆ ಸರಿಯಾಗಿ ಹಗ್ಗ ಎಳೆದು ಬಿಡುತ್ತಾ ಹೋದರೆ ಉದ್ದನೆಯ ಕೇಬಲನ್ನೂ ಒಬ್ಬಿಬ್ಬರು ತೂಗಿಸಬಹುದು. ತುಸು ತೂಗಿದರೆ ಸಾಕು. ಆಮೇಲೆ ಹಗ್ಗ ಪೂರ್ತಿ ಸಡಿಲ ಬಿಟ್ಟು, ನಡುಕ ಅರ್ಧಕ್ಕೆ ಇಳಿಯಲು ಎಷ್ಟು ತೂಗಾಟ ಬೇಕಾಯಿತು ಎಂದು ಫೋನಿನ ಗ್ರಾಫಿನಲ್ಲಿ ಎಣಿಸಿ.

50 ತೂಗಾಟ ಬೇಕಾಯಿತು ಎಂದರೆ ಕೇಬಲಿನ ತಡೆ (ಡ್ಯಾಂಪಿಂಗ್, ಅಂದರೆ ನಡುಕವನ್ನು ಕರಗಿಸುವ ಗುಣ) ಶೇ 0.22. ಹನ್ನೊಂದೇ ಸಾಕಾಯಿತು ಎಂದರೆ ಶೇ 1. ಲೆಕ್ಕ ಸುಲಭ: 0.11ನ್ನು ತೂಗಾಟದ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿ. ಡ್ಯಾಂಪರ್ ಇಲ್ಲದ ಬರಿ ಕೇಬಲಿನ ತಡೆ ಸಾಮಾನ್ಯವಾಗಿ ಶೇ 0.1ರಿಂದ 0.3ರ ಒಳಗೆ ಇರುತ್ತದೆ. ಇಷ್ಟು ಕಡಿಮೆ ತಡೆ ಇರುವುದರಿಂದಲೇ ಕೇಬಲುಗಳು ಇಷ್ಟೊಂದು ಕುಣಿಯುತ್ತವೆ. ಗಾಳಿ ಒಂದೊಂದು ತೂಗಾಟಕ್ಕೂ ಸ್ವಲ್ಪ ಸ್ವಲ್ಪ ಶಕ್ತಿ ತುಂಬುತ್ತದೆ. ಅದನ್ನು ಕರಗಿಸಲು ಕೇಬಲಿನ ಒಳಗೆ ಏನೂ ಇಲ್ಲ.

ಎಷ್ಟು ತಡೆ ಸಾಕು ಎನ್ನುವುದಕ್ಕೆ ಸ್ಕ್ರೂಟನ್ ಸಂಖ್ಯೆ ಎಂಬ ಅಳತೆ ಇದೆ. ಮೀಟರಿನ ತೂಕವನ್ನು ತಡೆಯಿಂದ ಗುಣಿಸಿ, ಗಾಳಿಯ ಸಾಂದ್ರತೆ ಮತ್ತು ಕೇಬಲ್ ವ್ಯಾಸದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ನುಣುಪು ಹೊದಿಕೆಯ ಕೇಬಲಿಗೆ ಇದು 10ಕ್ಕಿಂತ ಜಾಸ್ತಿ ಇರಬೇಕು ಎನ್ನುವುದು ರೂಢಿ. ನಮ್ಮ 50 ಕಿಲೊದ ಕೇಬಲಿನ ವ್ಯಾಸ 16 ಸೆಂಟಿಮೀಟರ್ ಎಂದುಕೊಳ್ಳಿ. ಶೇ 0.22 ತಡೆಗೆ ಸ್ಕ್ರೂಟನ್ ಸಂಖ್ಯೆ 3.6 ಬರುತ್ತದೆ. 10 ಮುಟ್ಟಬೇಕಾದರೆ ತಡೆ ಶೇ 0.6 ಆಗಬೇಕು. ಲೆಕ್ಕ ಹಾಕುವಾಗ ಶೇಕಡಾವನ್ನು 100ರಿಂದ ಭಾಗಿಸಿಕೊಳ್ಳಲು ಮರೆಯಬೇಡಿ.

ಮಳೆಯಲ್ಲಿ ಮಾತ್ರ ಕುಣಿದರೆ

ಕೇಬಲ್ ಸೇತುವೆಗಳಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇದೇ. ನಮ್ಮ ಭಾಗದ ಹವೆಗೆ ಇದು ಅಚ್ಚುಕಟ್ಟಾಗಿ ಹೊಂದುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಪಾನಿನ ಮೇಕೊ ನಿಶಿ ಸೇತುವೆ ಕಟ್ಟುವಾಗ, 1980ರ ದಶಕದಲ್ಲಿ, ಅಲ್ಲಿನ ಎಂಜಿನಿಯರುಗಳು ಒಂದು ವಿಚಿತ್ರ ಕಂಡರು. ಒಣ ಗಾಳಿಗೆ ಸುಮ್ಮನಿದ್ದ ಕೇಬಲುಗಳು ಅದೇ ಗಾಳಿಗೆ ಮಳೆ ಸೇರಿದ ಕೂಡಲೇ ಜೋರಾಗಿ ಕುಣಿಯುತ್ತಿದ್ದವು. ಕಾರಣ ಇಷ್ಟೇ. ಓರೆಯಾಗಿ ನಿಂತ ಕೇಬಲಿನ ಮೈಮೇಲೆ ಮಳೆನೀರು ಸಣ್ಣ ಧಾರೆಯಾಗಿ ಇಳಿಯುತ್ತದೆ. ಗಾಳಿ ಆ ಧಾರೆಯನ್ನು ಕೇಬಲಿನ ಮೇಲ್ಭಾಗದಲ್ಲಿ ಹಿಡಿದಿಡುತ್ತದೆ. ಆಗ ಗುಂಡಗಿದ್ದ ಕೇಬಲ್ ಗಾಳಿಯ ಪಾಲಿಗೆ ಗುಂಡಗೆ ಉಳಿಯುವುದಿಲ್ಲ. ಕೇಬಲ್ ಅಲುಗಿದಂತೆ ಧಾರೆಯೂ ಆಚೀಚೆ ಸರಿಯುತ್ತದೆ. ಧಾರೆ ಸರಿದಂತೆ ಗಾಳಿಯ ಒತ್ತಡ ಬದಲಾಗಿ ಕೇಬಲನ್ನು ಇನ್ನಷ್ಟು ತಳ್ಳುತ್ತದೆ. ಒಂದಕ್ಕೊಂದು ಲಯ ಸಿಕ್ಕಿತು ಅಂದರೆ ಕುಣಿತ ಬೆಳೆಯುತ್ತಲೇ ಹೋಗುತ್ತದೆ.

ಗುರುತು ಹಿಡಿಯುವುದು ಹೇಗೆ? ಗಾಳಿ ಸೆಕೆಂಡಿಗೆ ಸುಮಾರು 6ರಿಂದ 15 ಮೀಟರ್, ಅಂದರೆ ಗಂಟೆಗೆ 20ರಿಂದ 55 ಕಿಲೊಮೀಟರ್ ಇರುತ್ತದೆ. ನಡುಕ ಹೆಚ್ಚಾಗಿ 1ರಿಂದ 3 ಹರ್ಟ್ಜ್. ಹೊದಿಕೆ ನುಣುಪಾದ ಪಾಲಿಎಥಿಲೀನ್ ಪೈಪು. ಗಾಳಿ ಸೇತುವೆಗೆ ಓರೆಯಾಗಿ ಬೀಸುತ್ತಿರುತ್ತದೆ. ಮತ್ತು ಮುಖ್ಯವಾಗಿ, ಗಾಳಿ ಹೋಗುವ ದಿಕ್ಕಿಗೆ ಇಳಿಜಾರಾಗಿರುವ ಕೇಬಲುಗಳು ಕುಣಿಯುತ್ತವೆ. ಸೇತುವೆ ಪೂರ್ವ-ಪಶ್ಚಿಮವಾಗಿದ್ದು ನೈಋತ್ಯದಿಂದ ಗಾಳಿ ಬೀಸುತ್ತಿದ್ದರೆ, ಗೋಪುರದ ಪೂರ್ವಕ್ಕಿರುವ ಕೇಬಲುಗಳನ್ನು ನೋಡಿ. ಅವು ಕುಣಿದು ಪಶ್ಚಿಮದವು ಸುಮ್ಮನಿದ್ದರೆ ಅನುಮಾನವೇ ಬೇಡ. ರಭಸದ ಮಳೆಗಿಂತ ಹದವಾದ ಮಳೆಯಲ್ಲೇ ಇದು ಸಾಮಾನ್ಯ. ಗಾಳಿ ತೀರಾ ಜೋರಾದರೆ ನೀರಿನ ಧಾರೆ ನಿಲ್ಲದೆ ಹಾರಿಹೋಗುತ್ತದೆ.

ಈಗ ಧಾರವಾಡದ ಪುನರ್ವಸು, ಪುಷ್ಯ ಮಳೆ ನೆನೆಸಿಕೊಳ್ಳಿ. ದಿನವಿಡೀ ಸೋನೆ, ಜೊತೆಗೆ ಬಿಡದೆ ಬೀಸುವ ಪಡುವಣ ಗಾಳಿ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 3-4 ಮೀಟರ್ ಗಾಳಿಗೆ ತಿರುಗಲು ಶುರುಮಾಡಿ 12ರ ಆಸುಪಾಸು ಪೂರ್ತಿ ಶಕ್ತಿ ಕೊಡುತ್ತವೆ. ಅವು ಚೆನ್ನಾಗಿ ತಿರುಗುತ್ತಿರುವ ಮಳೆಯ ದಿನ ಎಂದರೆ ಈ ನಡುಕಕ್ಕೆ ಬೇಕಾದ ಗಾಳಿಯೇ ಅಲ್ವಾ? ನಮ್ಮಲ್ಲಿ ಇಂಥ ಸೇತುವೆ ಕಟ್ಟುವವರು ಇದನ್ನು ನಕ್ಷೆಯ ಹಂತದಲ್ಲೇ ಯೋಚಿಸಬೇಕು.

ರಾಟರ್‌ಡ್ಯಾಮಿನ ಎರಾಸ್ಮಸ್ ಸೇತುವೆ 1996ರ ಸೆಪ್ಟೆಂಬರಿನಲ್ಲಿ ತೆರೆಯಿತು. ನವೆಂಬರಿನಲ್ಲೇ ಮಳೆಗಾಳಿಗೆ ಕೇಬಲುಗಳು ಕುಣಿದು ಓಡಾಟ ನಿಲ್ಲಿಸಬೇಕಾಯಿತು. ಮೊದಲು ತಾತ್ಕಾಲಿಕವಾಗಿ ಹಗ್ಗ ಬಿಗಿದರು, ಆಮೇಲೆ ಹೈಡ್ರಾಲಿಕ್ ಡ್ಯಾಂಪರ್ ಹಾಕಿದರು. ತುರ್ತಿಗೆ ಹಗ್ಗ, ಶಾಶ್ವತಕ್ಕೆ ಡ್ಯಾಂಪರ್ ಎಂಬ ಈ ಕ್ರಮ ಇಂದಿಗೂ ಸರಿ. ಆದರೆ ತುರ್ತಿನ ಹಗ್ಗವನ್ನು ವರ್ಷಗಟ್ಟಲೆ ಬಿಡಬೇಡಿ. ಅದು ಹೊದಿಕೆಯನ್ನು ಉಜ್ಜಿ ಹರಿಯುತ್ತದೆ.

ಹೊಸ ಸೇತುವೆಯಾದರೆ ಹೊದಿಕೆಯ ಮೇಲೆ ಸುರುಳಿಯಾಗಿ ಸಣ್ಣ ಏಣು ಇರುವ ಪೈಪನ್ನೇ ಕೊಳ್ಳಿ. ನೀರಿನ ಧಾರೆ ಒಂದೇ ಗೆರೆಯಲ್ಲಿ ಇಳಿಯದಂತೆ ಅದು ಒಡೆಯುತ್ತದೆ. ಫ್ರಾನ್ಸಿನ ನಾರ್ಮಂಡಿ ಸೇತುವೆಯಲ್ಲಿ (1995) ಹೀಗೇ ಮಾಡಿದ್ದಾರೆ. ಜಪಾನಿನ ತತಾರಾದಲ್ಲಿ (1999) ಏಣಿನ ಬದಲು ಮೈತುಂಬ ಸಣ್ಣ ಕುಳಿಗಳಿವೆ. ನಿಂತಿರುವ ಹಳೆ ಕೇಬಲಿಗೆ ಏಣು ಸುತ್ತುವುದು ಕಷ್ಟದ ಕೆಲಸ. ಅಲ್ಲಿ ಡ್ಯಾಂಪರೇ ಮೊದಲ ಆಯ್ಕೆ.

ಮಳೆ ಇಲ್ಲದೆಯೂ ನಡುಗಿದರೆ

ಹದವಾದ, ಒಂದೇ ಸಮನೆಯ ಒಣ ಗಾಳಿಗೆ ಕೇಬಲ್ ಗುಂಯ್‌ಗುಡುತ್ತಾ, ಕಣ್ಣಿಗೆ ಅಷ್ಟಾಗಿ ಕಾಣದಂತೆ ಬೇಗ ಬೇಗ ನಡುಗುತ್ತಿದ್ದರೆ ಅದು ಸುಳಿಗಳ ಕೆಲಸ. ಗಾಳಿ ಕೇಬಲನ್ನು ದಾಟುವಾಗ ಹಿಂದೆ ಮೇಲೊಂದು ಕೆಳಗೊಂದು ಸುಳಿ ಬಿಡುತ್ತಾ ಹೋಗುತ್ತದೆ. ಗಾಳಿಯ ವೇಗವನ್ನು 0.2ರಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಸುಳಿಗಳ ಹರ್ಟ್ಜ್ ಸಿಗುತ್ತದೆ. 16 ಸೆಂಟಿಮೀಟರ್ ಕೇಬಲಿಗೆ 5 ಮೀಟರ್ ಗಾಳಿಯಲ್ಲಿ ಸುಮಾರು 6 ಹರ್ಟ್ಜ್. ಫೋನಿನಲ್ಲಿ ಅಳೆದ ಸಂಖ್ಯೆ ಇದಕ್ಕೆ ಹತ್ತಿರ ಇದ್ದರೆ ಕಾರಣ ಸಿಕ್ಕಿತು.

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಹೈಟೆನ್ಷನ್ ಲೈನುಗಳನ್ನು ಗಮನಿಸಿ. ತಂತಿಯಲ್ಲಿ, ಕಂಬದ ಹತ್ತಿರ, ಎರಡು ತುದಿಗೂ ಗುಂಡು ಇರುವ ಸಣ್ಣ ಡಂಬೆಲ್ ನೇತಾಡುತ್ತಿರುತ್ತವೆ. ಅದು ಸ್ಟಾಕ್‌ಬ್ರಿಜ್ ಡ್ಯಾಂಪರ್, 1920ರ ದಶಕದಿಂದ ಬಳಕೆಯಲ್ಲಿದೆ. ಇದೇ ಸುಳಿಗಳ ನಡುಕ ತಡೆಯಲು ಅದನ್ನು ಹಾಕುತ್ತಾರೆ. ಸೇತುವೆ ಕೇಬಲಿಗೆ ಈ ನಡುಕ ಸಾಮಾನ್ಯವಾಗಿ ದೊಡ್ಡ ಅಪಾಯ ಅಲ್ಲ, ಸ್ವಲ್ಪ ತಡೆ ಹೆಚ್ಚಿಸಿದರೂ ಅಡಗುತ್ತದೆ. ಕಮಾನು ಸೇತುವೆಗಳ ತೆಳ್ಳಗಿನ ಉದ್ದನೆಯ ತೂಗುಸರಳುಗಳಲ್ಲಿ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ಬಿರುಗಾಳಿಗೆ ಯಾವ ಲಯವೂ ಇಲ್ಲದೆ ಎಲ್ಲ ಕೇಬಲುಗಳೂ ಒದ್ದಾಡಿದರೆ ಅದು ಗಾಳಿಯ ಹೊಡೆತ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಮೊದಲು ಬರುತ್ತದಲ್ಲ, ಅಂಥ ಗಾಳಿ. ಗಾಳಿ ಇಳಿದರೆ ಅದೂ ಇಳಿಯುತ್ತದೆ. ತಪಾಸಣೆ ಸಾಕು, ಖರ್ಚು ಬೇಡ.

ಗಾಳಿಯೇ ಇಲ್ಲ, ಆದರೂ ಭಾರಿ ಲಾರಿ ಹೋದ ಮೇಲೆ ಒಂದೆರಡು ಕೇಬಲ್ ಮಾತ್ರ ಬಹಳ ಹೊತ್ತು ಕುಣಿಯುತ್ತವೆ ಎಂದರೆ ಫೋನನ್ನು ಸೇತುವೆಯ ಹಾಸಿನ ಮೇಲೆ ಇಟ್ಟು ಅಳೆಯಿರಿ. ಹಾಸಿನ ಹರ್ಟ್ಜ್ ಕೇಬಲಿನಷ್ಟೇ ಇದ್ದರೆ ಅಥವಾ ಅದರ ಎರಡರಷ್ಟಿದ್ದರೆ, ಹಾಸೇ ಕೇಬಲಿನ ತುದಿ ಹಿಡಿದು ಅಲ್ಲಾಡಿಸುತ್ತಿದೆ ಎಂದರ್ಥ. ಇಲ್ಲಿ ಕೇಬಲಿನ ಹರ್ಟ್ಜನ್ನೇ ಬದಲಿಸುವುದು ಒಳ್ಳೆಯದು. ಪಕ್ಕಪಕ್ಕದ ಕೇಬಲುಗಳನ್ನು ಅಡ್ಡ ತಂತಿಯಿಂದ ಕಟ್ಟಿದರೆ ಅದು ಆಗುತ್ತದೆ. ಆದರೆ ಅಡ್ಡ ತಂತಿ ಅಡ್ಡಕ್ಕೆ ತೂಗುವ ನಡುಕವನ್ನು ತಡೆಯುವುದಿಲ್ಲ.

ಡ್ಯಾಂಪರ್ ಇದೆ, ಆದರೂ ನಡುಗುತ್ತಿದೆ

ಮೊದಲು ಡ್ಯಾಂಪರ್ ಕೆಲಸ ಮಾಡುತ್ತಿದೆಯಾ ನೋಡಿ. ಪಿಸ್ಟನ್ ದಂಡದ ಮೇಲೆ ತೆಳ್ಳಗೆ ಗ್ರೀಸ್ ಸವರಿ ಬನ್ನಿ. ನಡುಕ ಆದ ಮರುದಿನ ಗ್ರೀಸ್ ಒರೆಸಿಹೋಗಿರಬೇಕು. ಹಾಗೇ ಇದ್ದರೆ ಡ್ಯಾಂಪರ್ ಕಚ್ಚಿಕೊಂಡಿದೆ. ಕಚ್ಚಿಕೊಂಡ ಡ್ಯಾಂಪರ್ ಇನ್ನೊಂದು ಆಂಕರಿನಂತೆ ವರ್ತಿಸುತ್ತದೆ. ಕೇಬಲಿನ ಹರ್ಟ್ಜ್ ತುಸು ಏರುತ್ತದೆ, ತಡೆ ಮಾತ್ರ ಬರಿ ಕೇಬಲಿನಷ್ಟೇ ಇರುತ್ತದೆ. ಘರ್ಷಣೆಯಿಂದ ಕೆಲಸ ಮಾಡುವ ಡ್ಯಾಂಪರುಗಳು ಸಣ್ಣ ನಡುಕಕ್ಕೆ ಸರಿಯುವುದಿಲ್ಲ. ಅವುಗಳ ರಚನೆಯೇ ಹಾಗೆ, ಅದನ್ನು ದೋಷ ಎನ್ನಬೇಡಿ. ಎಣ್ಣೆ ಸೋರಿದೆಯಾ, ಬ್ರ್ಯಾಕೆಟ್ ಬೋಲ್ಟು ಸಡಿಲವಾ, ರಬ್ಬರ್ ಬುಷ್ ಉದುರಿದೆಯಾ, ಇವನ್ನೂ ನೋಡಿ.

ಎಲ್ಲ ಸರಿ ಇದ್ದರೆ ಜಾಗ ಅಳೆಯಿರಿ. ಆಂಕರಿನಿಂದ ಡ್ಯಾಂಪರಿಗೆ ಇರುವ ದೂರ ಕೇಬಲ್ ಉದ್ದದ ಶೇ 2 ಇದ್ದರೆ, ಎಣ್ಣೆ ಡ್ಯಾಂಪರ್ ಎಷ್ಟೇ ದುಬಾರಿಯದ್ದಾದರೂ ಅದು ಕೊಡಬಲ್ಲ ಗರಿಷ್ಠ ತಡೆ ಅದರ ಅರ್ಧ, ಅಂದರೆ ಶೇ 1. ಸ್ಥಳದಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ತೀರಾ ಗಟ್ಟಿಯಾದ ಡ್ಯಾಂಪರೂ ತೀರಾ ಮೆದುವಾದದ್ದೂ ಎರಡೂ ಕೆಲಸಕ್ಕೆ ಬಾರವು. ಹಾಗಾಗಿ ದೊಡ್ಡದನ್ನು ತಂದರೆ ನಡುಕ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಕೇಬಲಿನ ಉದ್ದ, ತೂಕ, ಹರ್ಟ್ಜ್, ಎಷ್ಟು ಹೊಟ್ಟೆಯ ನಡುಕ, ಇಷ್ಟನ್ನೂ ತಯಾರಕರಿಗೆ ಕೊಟ್ಟು ಲೆಕ್ಕ ಕೇಳಿ.

ಕಾಲ್ನಡಿಗೆಯ ತೂಗುಸೇತುವೆ

ಇಲ್ಲಿ ಮೊದಲ ಪ್ರಶ್ನೆ: ಜನ ಇಲ್ಲದಾಗಲೂ ನಡುಗುತ್ತದಾ? ಇಲ್ಲ ಎಂದಾದರೆ ಹೆಜ್ಜೆಗಳೇ ಕಾರಣ. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಸಲ ಕೆಳಕ್ಕೆ, ಒಂದು ಸಲ ಅಡ್ಡಕ್ಕೆ ತಳ್ಳುತ್ತೇವೆ. ಸೇತುವೆಯ ಹರ್ಟ್ಜ್ ಇದಕ್ಕೆ ಹತ್ತಿರ ಇದ್ದರೆ ಜಾತ್ರೆಯ ದಿನ ಕಷ್ಟ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನಿನಲ್ಲಿ ತೆರೆದ ದಿನವೇ ಅಡ್ಡಕ್ಕೆ ತೂಗಿತು. ಸೇತುವೆ ತೂಗಿದಂತೆ ಜನ ತಾವೇ ಅದರ ಲಯಕ್ಕೆ ಹೆಜ್ಜೆ ಹಾಕತೊಡಗಿದರು, ಅದರಿಂದ ತೂಗಾಟ ಇನ್ನೂ ಬೆಳೆಯಿತು. ಡ್ಯಾಂಪರ್ ಹಾಕಿ ಮತ್ತೆ ತೆರೆದದ್ದು 2002ರಲ್ಲಿ.

ನಮ್ಮ ಕಡೆಯ ಸಣ್ಣ ಸೇತುವೆಗಳಿಗೆ ಅಷ್ಟು ಖರ್ಚು ಬೇಕಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹಳ್ಳಿಗಳಿಗೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದವರು. ಸರಳವಾಗಿ ಕಟ್ಟಿದರೂ ಜನರಿಗೆ ಎಷ್ಟು ಉಪಕಾರ ಆಗುತ್ತದೆ ಎನ್ನುವುದಕ್ಕೆ ಅವು ಸಾಕ್ಷಿ. ಅಂಥದ್ದನ್ನು ಚೆನ್ನಾಗಿ ಇಟ್ಟುಕೊಳ್ಳುವುದು ನಮ್ಮ ಪಾಲಿನ ಕೆಲಸ. ಎರಡೂ ಬದಿಯ ದಡಕ್ಕೆ ಎಳೆದು ಕಟ್ಟಿದ ಗಾಳಿ ಹಗ್ಗಗಳಿದ್ದರೆ ಅವು ಸಡಿಲವಾಗಿವೆಯಾ ನೋಡಿ. ಅಡ್ಡ ತೂಗಾಟ ಜಾಸ್ತಿಯಾಗಲು ಇದೊಂದೇ ಸಾಕು. ಹಲಗೆಗಳ ಬೋಲ್ಟು ಬಿಗಿ ಮಾಡಿ. ಒಮ್ಮೆಗೆ ಎಷ್ಟು ಜನ ಹತ್ತಬೇಕು ಎಂಬ ಫಲಕ ಹಾಕಿದರೆ ಸಾಲದು, ಜಾತ್ರೆಯ ದಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ.

ಹಗ್ಗದ ತುದಿಯ ಕ್ಲಿಪ್ಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಕ್ಲಿಪ್ಪಿನ ಅಗಲವಾದ ತಡಿ ಭಾರ ಹೊರುವ ಹಗ್ಗದ ಮೇಲೆ ಕೂರಬೇಕು, ಯು ಆಕಾರದ ಬೋಲ್ಟು ಮಡಚಿದ ತುಂಡು ತುದಿಯ ಕಡೆ ಬರಬೇಕು. ತಿರುವುಮುರುವಾಗಿದ್ದರೆ ಬೋಲ್ಟು ಭಾರ ಹೊರುವ ಹಗ್ಗವನ್ನೇ ಜಜ್ಜುತ್ತದೆ. ಭಾರ ಬಿದ್ದ ಮೇಲೆ ಉಕ್ಕಿನ ಹಗ್ಗ ಸ್ವಲ್ಪ ತೆಳ್ಳಗಾಗುತ್ತದೆ, ಹಾಗಾಗಿ ಕ್ಲಿಪ್ಪನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು.

ರಿಪೇರಿ ಆದ ಮೇಲೆ

ನಡುಕ ಕೇಬಲಿಗೆ ಪೆಟ್ಟು ಕೊಡುವುದು ನಡುವೆ ಅಲ್ಲ, ತುದಿಯಲ್ಲಿ. ಆಂಕರ್ ಹತ್ತಿರ ಕೇಬಲ್ ಮತ್ತೆ ಮತ್ತೆ ಬಾಗಿ ತಂತಿ ದಣಿಯುತ್ತದೆ. ಅಲ್ಲಿರುವ ರಬ್ಬರ್ ಮುಚ್ಚಳ ಹರಿದರೆ ಮಳೆನೀರು ಪೈಪಿನೊಳಗೆ ಇಳಿದು ನಿಲ್ಲುತ್ತದೆ. ಹಾಗಾಗಿ ಜೋರಾಗಿ ಕುಣಿದ ಪ್ರತಿಯೊಂದು ಕೇಬಲಿನ ಕೆಳ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ನೀರು ಹೊರಹೋಗುವ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ.

ಆಮೇಲೆ ಹಗ್ಗ ಕಟ್ಟಿ ತೂಗಿಸುವ ಪರೀಕ್ಷೆಯನ್ನು ಅದೇ ಕೇಬಲಿಗೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ಮಾಡಿ. ನಮ್ಮ ಉದಾಹರಣೆಯ ಕೇಬಲಿನಲ್ಲಾದರೆ, ಮೊದಲು ಶೇ 0.22 ಇದ್ದ ತಡೆ ಈಗ 0.6 ದಾಟಿದೆಯಾ? ದಾಟಿದ್ದರೆ ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕಿ. ದಾಟದಿದ್ದರೆ ಹಾಕಬೇಡಿ. ಹಳೆಯ ಮತ್ತು ಹೊಸ ಗ್ರಾಫ್, ವಿಡಿಯೊ, ಗಾಳಿ-ಮಳೆಯ ಟಿಪ್ಪಣಿ ಎಲ್ಲವನ್ನೂ ಕೇಬಲಿನ ನಂಬರ್ ಹಾಕಿ ಒಂದೇ ಫೈಲಿನಲ್ಲಿಡಿ. ನಿಮಗೆ ವರ್ಗಾವಣೆಯಾದಾಗ ಆ ಫೈಲನ್ನು ಮುಂದೆ ಬರುವವರ ಕೈಗೇ ಕೊಟ್ಟು ಹೋಗಿ. ಮುಂದಿನ ಪುಷ್ಯ ಮಳೆಗೆ ಒಮ್ಮೆ ಸೇತುವೆ ಬಳಿ ನಿಂತು ಅವೇ ಕೇಬಲುಗಳನ್ನು ನೋಡಲು ಅವರಿಗೆ ಹೇಳಿ.